ಹೋಟೆಲಿನ ಪಾನಪಟ್ಟಿ: ಮುಂಬಯಿಯ ಒಂದು ಚರಿತ್ರೆ, ಅದರಲ್ಲಿ ನಮ್ಮವರ ಪಾಲು

ರಾಜ್ಯೋತ್ಸವದ ಸಂಚಿಕೆಯಲ್ಲಿ ಮದ್ಯದ ಮಾತೇ ಎಂದು ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಿಯಾರು. ನಾಡಹಬ್ಬದ ಹೊತ್ತಗೆಯೆಂದರೆ ಕದಂಬರ ಶಾಸನ, ಹಂಪೆಯ ವೈಭವ, ದಾಸರ ಪದ, ಏಕೀಕರಣದ ಹೋರಾಟ ಇವುಗಳ ಮಾತು ಬರುವುದು ವಾಡಿಕೆ. ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಬರೆಯಹೊರಟಾಗಲೂ ನಾವು ಇಡ್ಲಿ, ದೋಸೆ, ಕಾಫಿಗಳ ವರೆಗೆ ಉತ್ಸಾಹದಿಂದ ಬಂದು, ಅಲ್ಲಿಗೆ ಲೇಖನಿಯನ್ನು ಕೆಳಗಿಟ್ಟುಬಿಡುತ್ತೇವೆ. ಆದರೆ ಇಂಥ ಸಂಚಿಕೆಗಳ ಕೊನೆಯ ಹಾಳೆಗಳನ್ನು, ಜಾಹೀರಾತಿನ ಹಾಳೆಗಳನ್ನು, ಒಮ್ಮೆ ತಿರುವಿ ನೋಡೋಣ. 'ಶುಭಾಶಯಗಳೊಡನೆ' ಎಂದು ಅಚ್ಚಾದ ಹೆಸರುಗಳ ಕೆಳಗೆ 'ರೆಸ್ಟೋರೆಂಟ್ ಆಂಡ್ ಬಾರ್' ಎಂಬ ಮಾತು ಎಷ್ಟು ಕಡೆ ಕಾಣಸಿಗುತ್ತದೆ! ಕಾಗದಕ್ಕೂ ಅಚ್ಚಿಗೂ ಹಣ ಕೊಟ್ಟವರ ಕಸುಬು ಹಿಂದಿನ ಹಾಳೆಗಳಲ್ಲಿ ಮಾತ್ರ ಇರಬೇಕು, ಮುಂದಿನ ಹಾಳೆಗಳಲ್ಲಿ ಅದರ ಸುಳಿವೂ ಬರಬಾರದು ಎಂಬುದು ಯಾವ ನ್ಯಾಯ? ಕುಡಿತವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಅದರಿಂದ ಹಾಳಾದ ಮನೆಗಳನ್ನು ಕಂಡವರು ನಾವು. ನಡೆದುದನ್ನು ನಡೆದಂತೆ ಹೇಳಿಕೊಳ್ಳಬೇಕೆಂಬುದಷ್ಟೇ ನಮ್ಮ ಆಶೆ.

ಮುಂಬಯಿಯ ಯಾವುದಾದರೂ ದೊಡ್ಡ ಹೋಟೆಲಿನ ಭೋಜನಶಾಲೆಯಲ್ಲಿ ಕುಳಿತರೆ ಮೇಜಿನ ಮೇಲೆ ಎರಡು ಪಟ್ಟಿಗಳು ಬಂದು ಬೀಳುತ್ತವೆ. ಒಂದು ಊಟದ್ದು, ಮತ್ತೊಂದು ಪಾನದ್ದು. ಪಾನದ ಪಟ್ಟಿಯಲ್ಲಿ ಸಾಮಾನ್ಯವಾಗಿ ನಾಲ್ಕು ವಿಭಾಗಗಳಿರುತ್ತವೆ: ಬೆರೆಸಿದ ಪಾನಗಳಾದ ಕಾಕ್‌ಟೇಲುಗಳು, ವಿಸ್ಕಿ, ರಮ್, ಜಿನ್ ಮೊದಲಾದ ಬಟ್ಟಿಯಿಳಿಸಿದ ಮದ್ಯಗಳು, ಬೀರು, ಮತ್ತು ದ್ರಾಕ್ಷಿಯ ವೈನು. ನೋಡುವವರಿಗೆ ಇದೆಲ್ಲ ಪರದೇಶದ ಸರಕು. ಆದರೆ ಒಂದೊಂದು ಹೆಸರನ್ನೂ ಹಿಡಿದು ಅದರ ಹುಟ್ಟನ್ನು ವಿಚಾರಿಸಿದರೆ, ಅದರ ಹಿಂದೆ ಈ ನೆಲದ ಮರ, ಈ ನೆಲದ ಕಬ್ಬು, ಈ ನೆಲದ ಕೈಗಳು ಕಂಡುಬರುತ್ತವೆ. ಆ ಕೈಗಳಲ್ಲಿ ನಮ್ಮವರ ಕೈಗಳೂ ಉಂಟು. ಈ ಪಟ್ಟಿಯನ್ನು ಒಮ್ಮೆ ಚರಿತ್ರೆಯ ಪುಟದಂತೆ ಓದೋಣ.

ಮೊದಲನೆಯದು ಕಾಕ್‌ಟೇಲು. ಈ ಶಬ್ದದ ಅರ್ಥವನ್ನು ಅಚ್ಚಿನಲ್ಲಿ ಮೊದಲು ವಿವರಿಸಿದುದು 1806ರಲ್ಲಿ, ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಒಂದು ಪತ್ರಿಕೆ: ಮದ್ಯ, ಸಕ್ಕರೆ, ನೀರು, ಕಹಿಮದ್ದು ಇವುಗಳ ಮಿಶ್ರಣ. ಆದರೆ ಹಲವು ಪದಾರ್ಥಗಳನ್ನು ಬೆರೆಸಿ ಕುಡಿಯುವ ಚಾಳಿ ಅದಕ್ಕೆ ಸುಮಾರು ಎರಡು ಶತಮಾನ ಹಿಂದೆಯೇ ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಕಾಣಿಸಿಕೊಂಡಿತ್ತು. ಅದರ ಹೆಸರು ಪಂಚ್. 1632ರ ವೇಳೆಗೆ ಈಸ್ಟ್ ಇಂಡಿಯಾ ಕಂಪನಿಯ ನೌಕರನೊಬ್ಬನ ಕಾಗದದಲ್ಲಿ ಈ ಹೆಸರು ಬರುತ್ತದೆ. 1638ರಲ್ಲಿ ಸೂರತ್ತಿಗೆ ಬಂದ ಜರ್ಮನ್ ಪ್ರವಾಸಿ ಮಾಂಡೆಲ್‌ಸ್ಲೋ ಇಂಗ್ಲಿಷರು ಈ ಪಾನವನ್ನು ಮಾಡಿಕೊಳ್ಳುತ್ತಿದ್ದುದನ್ನು ವರ್ಣಿಸಿದ್ದಾನೆ. 1670ರ ದಶಕದಲ್ಲಿ ಇಲ್ಲಿದ್ದ ವೈದ್ಯ ಜಾನ್ ಫ್ರೈಯರ್, ಅಂದರೆ ನಮ್ಮ ಕಾರವಾರ, ಗೋಕರ್ಣಗಳನ್ನೂ ನೋಡಿ ಬರೆದವನು, ಹಿಂದೂಸ್ತಾನಿಯಲ್ಲಿ 'ಪಾಂಚ್' ಎಂದರೆ ಐದು, ಐದು ಪದಾರ್ಥಗಳು ಸೇರುವುದರಿಂದ ಈ ಹೆಸರು ಎಂದು ಹೇಳುತ್ತಾನೆ. ಬೇರೆ ವ್ಯುತ್ಪತ್ತಿ ಹೇಳುವ ವಿದ್ವಾಂಸರೂ ಇದ್ದಾರೆ. ಅದು ಹೇಗೇ ಇರಲಿ, ಸಾರಾಯಿ, ಸಕ್ಕರೆ, ನಿಂಬೆರಸ, ನೀರು, ಮಸಾಲೆ ಈ ಐದೂ ಈ ಕಡೆಯ ಸಾಮಾನುಗಳೇ.

1668ರಲ್ಲಿ ಇಂಗ್ಲೆಂಡಿನ ದೊರೆಯಿಂದ ಮುಂಬಯಿ ದ್ವೀಪ ವರ್ಷಕ್ಕೆ 10 ಪೌಂಡು ಗೇಣಿಯ ಮೇಲೆ ಕಂಪನಿಯ ಕೈಗೆ ಬಂದಿತು. ಬಂದ ಸಿಪಾಯಿಗಳೂ ನಾವಿಕರೂ ಪಂಚ್ ಅಂಗಡಿಗಳಲ್ಲಿ ಬಿದ್ದುಕೊಂಡು ಪ್ರಾಣ ಕಳೆದುಕೊಳ್ಳುವುದು ದೊಡ್ಡ ಪೀಡೆಯಾಯಿತು. 1694ರಲ್ಲಿ ಮುಂಬಯಿ ಸರಕಾರ ಹೊರಡಿಸಿದ ಒಂದು ಆಜ್ಞೆ ಈ ದೃಷ್ಟಿಯಿಂದ ಸ್ವಾರಸ್ಯವಾಗಿದೆ. ಅಂಗಡಿಗೆ ಬಂದ ಗಿರಾಕಿ ಒಂದು ಕ್ವಾರ್ಟು ಒಳ್ಳೆಯ ಗೋವೆಯ ಸಾರಾಯಿ, ಅರ್ಧ ಪೌಂಡು ಸಕ್ಕರೆ, ಅರ್ಧ ಪೈಂಟು ನಿಂಬೆರಸ ಕೇಳಿ ಪಡೆದು ತಾನೇ ಪಂಚ್ ಬೆರೆಸಿಕೊಳ್ಳಬಹುದು ಎಂದು ಅದರಲ್ಲಿ ಗೊತ್ತುಮಾಡಿತ್ತು. ಹೋಟೆಲಿನವರು ಪಾನಪಟ್ಟಿ ಬರೆಯುವುದಕ್ಕೆ ಮೊದಲೇ ಸರಕಾರವೇ ಅದನ್ನು ಬರೆದಂತಾಯಿತು. ಮದ್ಯದ ಅಳತೆಯನ್ನು ಗೊತ್ತುಮಾಡುವ ಸರಕಾರದ ಕೈ ಈ ಊರಿನಲ್ಲಿ ಅಂದಿನಿಂದ ಇಂದಿನ ವರೆಗೆ ಬಿಡುವಿಲ್ಲದೆ ಆಡುತ್ತ ಬಂದಿದೆ.

ಬಡವರ ಪಾನ ಬೇರೆಯಾಗಿತ್ತು. ಮಾಹಿಮಿನ ಕಡೆಯ ತೆಂಗಿನ ತೋಪುಗಳಲ್ಲಿ ಭಂಡಾರಿ ಜನ ಮರ ಹತ್ತಿ ಕಳ್ಳು ಇಳಿಸುತ್ತಿದ್ದರು. ಕೊಲ್ಲಿಯ ಆಚೆ ಉರಣದಲ್ಲಿ ಪಾರ್ಸಿ ವ್ಯಾಪಾರಿಗಳ ಭಟ್ಟಿಗಳು ಹಿಪ್ಪೆಹೂವಿನ ಸಾರಾಯಿಯನ್ನು ಇಳಿಸಿ ಮುಂಬಯಿಗೆ ಕಳಿಸುತ್ತಿದ್ದುವು. 1878ರ ಅಬಕಾರಿ ಕಾಯಿದೆ ಬಂದ ಮೇಲೆ ಕಳ್ಳು ಇಳಿಸುವ ಮರಕ್ಕೂ, ಭಟ್ಟಿಗೂ ಸರಕಾರದ ಕಟ್ಟು ಬಿಗಿಯಾಯಿತು. 1892ರ ಕಾಯಿದೆಯಿಂದ ಹಿಪ್ಪೆಹೂವನ್ನು ಮನೆಯಲ್ಲಿ ಕೂಡಿಡುವುದಕ್ಕೂ ಕಟ್ಟು ಬಂದಿತು. 'ಅಬಕಾರಿ' ಎಂಬುದು ಪಾರಸಿ ಮಾತು. 'ಆಬ್' ಎಂದರೆ ನೀರು. ನೀರಿನ ಹೆಸರಿನಲ್ಲಿ ನಡೆಯುವ ಈ ಇಲಾಖೆಯನ್ನು ಕರ್ನಾಟಕದಲ್ಲಿ ನಾವು ಇಂದಿಗೂ ಅದೇ ಹೆಸರಿನಿಂದ ಕರೆಯುತ್ತೇವೆ.

ಕುಡಿತವನ್ನು ಫರಂಗಿಗಳು ತಂದರು ಎಂದು ಹೇಳಿ ನಾವು ಪಾರಾಗುವಂತೆಯೂ ಇಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಅರಸರ ಕ್ರೀಡೆಗಳನ್ನು ಎಣಿಸುವಾಗ ಮದಿರಾಪಾನಕ್ರೀಡೆಗೂ ಒಂದು ಭಾಗ ಮೀಸಲಾಗಿದೆ. ಅದೇ ಶತಮಾನದ ಅದೇ ಕಲ್ಯಾಣದಲ್ಲಿ ಶರಣರ ಗೋಷ್ಠಿಯಲ್ಲಿ ಇನ್ನೊಬ್ಬರು ಇದ್ದರು: ಹೆಂಡದ ಮಾರಯ್ಯ. ಹೆಂಡ ಮಾರುವುದು ಅವರ ಕಾಯಕವಾಗಿತ್ತು. 'ಧರ್ಮೇಶ್ವರಲಿಂಗ' ಎಂಬ ಅಂಕಿತದಲ್ಲಿ ಅವರ ವಚನಗಳು ದೊರೆತಿವೆ. ಅವುಗಳಲ್ಲಿ ಅವರ ಕಸುಬಿನ ಮಾತೇ ಅನುಭಾವದ ಮಾತಾಗಿದೆ. ಅರಸನ ಕ್ರೀಡೆಯೂ ಹೆಂಡದಂಗಡಿಯವನ ಕಾಯಕವೂ ನಮ್ಮ ಸಾಹಿತ್ಯಕ್ಕೆ ಸಲ್ಲದ ವಸ್ತುಗಳಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿನಲ್ಲಿಟ್ಟುಕೊಂಡು ಮತ್ತೆ ಮುಂಬಯಿಗೆ ಬರೋಣ.

ಹೋಟೆಲಿನ ಬಾರು ಎಂಬುದು ಹುಟ್ಟಬೇಕಾದರೆ ಹಡಗು, ರೈಲು, ಮಂಜುಗಡ್ಡೆ ಮೂರೂ ಬೇಕಾಗಿತ್ತು. 1833ರಲ್ಲಿ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಅಮೆರಿಕದ ಕೆರೆಗಳ ಮಂಜುಗಡ್ಡೆಯನ್ನು ಹಡಗಿನಲ್ಲಿ ತುಂಬಿ ಕಲಕತ್ತೆಗೆ ಕಳಿಸಿದನು. 180 ಟನ್ ಹೊರಟು, ನಾಲ್ಕು ತಿಂಗಳ ಪ್ರಯಾಣದಲ್ಲಿ ಕರಗಿ, ಸುಮಾರು 100 ಟನ್ ಬಂದು ಮುಟ್ಟಿತು. ಆ ಮೇಲೆ ಮುಂಬಯಿ, ಮದರಾಸುಗಳಿಗೂ ಈ ವ್ಯಾಪಾರ ಹಬ್ಬಿತು. ಮದರಾಸಿನ ಕಡಲ ದಂಡೆಯ 'ಐಸ್ ಹೌಸ್' ಅದರ ಸ್ಮಾರಕವಾಗಿ ಉಳಿದಿದೆ. 1897ರಲ್ಲಿ ವಿವೇಕಾನಂದರು ತಂಗಿದ ಆ ಕಟ್ಟಡ ಇಂದು ಅವರ ಹೆಸರನ್ನೇ ಹೊತ್ತಿದೆ. ಮುಂಬಯಿಯಲ್ಲಿ ಬೀಡುಕಬ್ಬಿಣದ ಚೌಕಟ್ಟಿನ ವಾಟ್ಸನ್ ಹೋಟೆಲು 1871ರಲ್ಲಿಯೂ, ತಾಜ್ ಮಹಲ್ ಹೋಟೆಲು 1903ರ ಡಿಸೆಂಬರ್ 16ರಂದೂ ತೆರೆದುವು. ತಾಜಿನ 'ಹಾರ್ಬರ್ ಬಾರ್' 1933ರಲ್ಲಿ ಆರಂಭವಾದುದು. ಮುಂಬಯಿಯಲ್ಲಿ ಪರವಾನಗಿ ಪಡೆದ ಮೊದಲನೆಯ ಬಾರು ಅದೇ ಎಂದು ಹೆಸರಾಗಿದೆ.

ಪಟ್ಟಿಯಲ್ಲಿ ಕಾಣುವ 'ಜಿನ್ ಆಂಡ್ ಟಾನಿಕ್' ಎಂಬುದೂ ನಮ್ಮ ಹವೆಗೆ ಸಂಬಂಧಪಟ್ಟದ್ದು. ಚಳಿಜ್ವರಕ್ಕೆ ಮದ್ದಾದ ಕ್ವಿನೈನ್ ಬಹಳ ಕಹಿ. ಅದನ್ನು ಸೋಡಾದಲ್ಲಿ ಕರಗಿಸಿ ಮಾಡಿದ ಟಾನಿಕ್ ನೀರಿಗೆ 1858ರಲ್ಲಿ ಲಂಡನ್ನಿನಲ್ಲಿ ಪೇಟೆಂಟು ದೊರೆಯಿತು. ಇಲ್ಲಿಯ ಬಿಳಿಯರು ಅದಕ್ಕೆ ಜಿನ್ ಬೆರೆಸಿ ಕುಡಿದರು. ಚಳಿಜ್ವರ ಸೊಳ್ಳೆಯಿಂದ ಹರಡುತ್ತದೆಂಬುದನ್ನು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಕಂಡುಹಿಡಿದುದು 1897ರಲ್ಲಿ. ಮದ್ದಿನ ನೆಪದ ಪಾನ ಅಷ್ಟರೊಳಗೆ ಸಂಜೆಯ ಪಾನವಾಗಿ ನೆಲೆಗೊಂಡಿತ್ತು.

ಬೀರಿನ ಕಥೆಯೂ ದಂಡಿನ ಕಥೆಯೇ. ಮೊದಮೊದಲು ಲಂಡನ್ನಿನ ಹಾಡ್ಜ್‌ಸನ್ ಎಂಬವನ ಭಟ್ಟಿಯ ಬೀರು ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಕಡಲ ಮೇಲೆ ತೇಲಿಕೊಂಡು ಬರುತ್ತಿತ್ತು. 19ನೆಯ ಶತಮಾನದಲ್ಲಿ ಹಿಮಾಲಯದ ಕಸೌಲಿಯಲ್ಲಿ ಡಯರ್ ಎಂಬವನು ಭಟ್ಟಿ ಕಟ್ಟಿದನು. ದಕ್ಷಿಣದಲ್ಲಿ ಬೆಂಗಳೂರಿನ ದಂಡಿಗೂ ನೀಲಗಿರಿಯ ದಂಡಿಗೂ ಬೀರು ಒದಗಿಸುತ್ತಿದ್ದ ಐದು ಭಟ್ಟಿಗಳನ್ನು ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು 1915ರಲ್ಲಿ ಒಂದುಗೂಡಿಸಿದನು. ಅದೇ ಯುನೈಟೆಡ್ ಬ್ರೂವರೀಸ್. 1947ರಲ್ಲಿ ಆ ಕಂಪನಿಯ ಮೊದಲ ಭಾರತೀಯ ಡೈರೆಕ್ಟರಾದವರು ದಕ್ಷಿಣ ಕನ್ನಡದ ಬಂಟ್ವಾಳ ಮೂಲದ ವಿಠ್ಠಲ ಮಲ್ಯರು. ದೇಶ ಸ್ವತಂತ್ರವಾಗಿ, ಒಂದೊಂದು ಪ್ರಾಂತವೂ ಪಾನನಿಷೇಧದ ಕಡೆಗೆ ಹೆಜ್ಜೆಯಿಡುತ್ತಿದ್ದ ಹೊತ್ತಿನಲ್ಲಿ ಮದ್ಯದ ಕಂಪನಿಯ ಪಾಲನ್ನು ಕೊಂಡುದು ಸಾಹಸವೆಂದೇ ಹೇಳಬೇಕು. 1978ರಲ್ಲಿ ಮತ್ತೆ ಹೊರತಂದ 'ಕಿಂಗ್‌ಫಿಶರ್' ದೇಶದ ಪಾನಪಟ್ಟಿಗಳಲ್ಲೆಲ್ಲ ಮನೆಮಾಡಿತು.

ವಿಸ್ಕಿ, ರಮ್ಮುಗಳ ವಿಚಾರದಲ್ಲಿ ಒಂದು ಗುಟ್ಟು ಉಂಟು. ಸ್ಕಾಟ್ಲೆಂಡಿನಲ್ಲಿ ವಿಸ್ಕಿಯನ್ನು ಧಾನ್ಯದಿಂದ ಇಳಿಸುತ್ತಾರೆ. ನಮ್ಮಲ್ಲಿ ವಿಸ್ಕಿಯೆಂಬ ಹೆಸರಿನ ಬಾಟಲಿಗಳ ಬಹುಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಇಳಿಸಿದ ಮದ್ಯಸಾರವನ್ನೇ ಆಧರಿಸಿದುದು. ಕಬ್ಬಿನ ಗಾಣ ಎಲ್ಲಿಯೋ ಅಲ್ಲಿಯೇ ಭಟ್ಟಿ. ರಮ್ಮು ಮಾತ್ರ ಎಲ್ಲಿಯೂ ಕಬ್ಬಿನ ಕೂಸೇ. 1954ರಲ್ಲಿ ಮೋಹನ್ ಮೀಕಿನ್ ಕಂಪನಿಯವರು ಹೊರತಂದ 'ಓಲ್ಡ್ ಮಾಂಕ್' ಅದಕ್ಕೆ ನಿದರ್ಶನ. ಬೆಂಗಳೂರಿನಲ್ಲಿ ರಾಧಾಕೃಷ್ಣ ಜಗದಾಳೆಯವರು 1948ರಲ್ಲಿ ಸ್ಥಾಪಿಸಿದ ಅಮೃತ್ ಡಿಸ್ಟಿಲರೀಸ್ ಬಾರ್ಲಿಯಿಂದಲೇ ಇಳಿಸಿದ ವಿಸ್ಕಿಯನ್ನು 2004ರಲ್ಲಿ ಮೊದಲು ಮಾರಾಟಕ್ಕಿಟ್ಟುದು ಎಲ್ಲಿ ಬಲ್ಲಿರಾ? ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ! ಕೊಲ್ಲನ ಬೀದಿಯಲ್ಲಿ ಸೂಜಿ ಮಾರಿದಂತೆ ಎಂಬ ಗಾದೆಯನ್ನು ಬಲ್ಲವರಿಗೆ ಆ ಧೈರ್ಯದ ಅಳತೆ ಗೊತ್ತಾದೀತು.

ಪಟ್ಟಿಯ ಕೊನೆಯ ವಿಭಾಗವಾದ ವೈನು ಎಲ್ಲಕ್ಕಿಂತ ಕಿರಿಯದು. ನಂದಿಬೆಟ್ಟದ ತಪ್ಪಲಿನ ಗ್ರೋವರ್ ತೋಟದ ವೈನು ಹೊರಬಂದುದು 1992ರಲ್ಲಿ. ನಾಸಿಕದ ಸುಲಾ ತೋಟದ್ದು 2000ದಲ್ಲಿ. ಮಹಾರಾಷ್ಟ್ರ ಸರಕಾರ 2001ರಲ್ಲಿ ದ್ರಾಕ್ಷಿ ವೈನಿಗೆ ಪ್ರೋತ್ಸಾಹ ನೀತಿಯನ್ನು ತಂದಿತು, ಕರ್ನಾಟಕ 2007ರಲ್ಲಿ. ಈ ವಿಭಾಗದ ಚರಿತ್ರೆ ಇನ್ನೂ ಬರೆಯಲ್ಪಡುತ್ತಿದೆ.

ಇಷ್ಟೂ ಪಟ್ಟಿಯ ಒಳಗಿನ ಮಾತಾಯಿತು. ಇನ್ನು ಪಟ್ಟಿಯೇ ಮಾಯವಾದ ಕಾಲಕ್ಕೆ ಬರೋಣ. ಮುಂಬಯಿಯಲ್ಲಿ ನಮ್ಮವರ ಪಾಲು ಆರಂಭವಾಗುವುದೇ ಅಲ್ಲಿಂದ.

ಪಾನನಿಷೇಧ ಗಾಂಧೀಜಿಯವರ ರಚನಾತ್ಮಕ ಕಾರ್ಯಕ್ರಮದ ಒಂದು ಮುಖ್ಯ ಅಂಗವಾಗಿತ್ತು. 1937ರಲ್ಲಿ ಪ್ರಾಂತಗಳ ಅಧಿಕಾರ ಕೈಗೆ ಬಂದಾಗ ಮುಂಬಯಿಯಲ್ಲಿ ಬಿ. ಜಿ. ಖೇರರ ಮಂತ್ರಿಮಂಡಲ, ಡಾಕ್ಟರ್ ಗಿಲ್ಡರರ ಮುಂದಾಳುತನದಲ್ಲಿ, 1939ರ ಆಗಸ್ಟ್ 1ರಿಂದ ನಗರದಲ್ಲಿ ಪಾನನಿಷೇಧವನ್ನು ಜಾರಿಗೆ ತಂದಿತು. ಕೆಲವೇ ತಿಂಗಳಲ್ಲಿ ಯುದ್ಧದ ಪ್ರಶ್ನೆಯ ಮೇಲೆ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು; ಪ್ರಯೋಗ ಸಡಿಲವಾಯಿತು. ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಬಾಂಬೆ ಪ್ರೊಹಿಬಿಷನ್ ಆಕ್ಟ್ ಬಂದು, 1950ರ ಏಪ್ರಿಲ್ 6ರಿಂದ ರಾಜ್ಯದಲ್ಲೆಲ್ಲ ಪೂರ್ಣ ನಿಷೇಧ ಜಾರಿಯಾಯಿತು. ಮೊರಾರ್ಜಿ ದೇಸಾಯಿಯವರು ಗೃಹಮಂತ್ರಿಗಳಾಗಿದ್ದ ಕಾಲವದು. ಕೆಮ್ಮಿನ ಔಷಧಿ, ಅತ್ತರುಗಳಲ್ಲಿ ಮದ್ಯಸಾರವಿದ್ದರೆ ಅದೂ ಅಪರಾಧವೇ ಎಂಬ ಪ್ರಶ್ನೆಯನ್ನು ಬಲ್ಸಾರಾ ಎಂಬ ಮುಂಬಯಿಯ ನಾಗರಿಕರು ನ್ಯಾಯಾಲಯಕ್ಕೆ ಒಯ್ದರು. 1951ರ ಮೇ 25ರಂದು ಸುಪ್ರೀಂ ಕೋರ್ಟು ನಿಷೇಧವನ್ನು ಎತ್ತಿಹಿಡಿದು, ಔಷಧಿ ಮತ್ತು ಶೃಂಗಾರಸಾಮಗ್ರಿಗಳ ಮಟ್ಟಿಗೆ ಮಾತ್ರ ಅದನ್ನು ಸಡಿಲಿಸಿತು.

ಹೋಟೆಲುಗಳ ಬಾರು ಮುಚ್ಚಿದುವು. ಕುಡಿಯಬೇಕಾದರೆ ಪರ್ಮಿಟ್ ಬೇಕು. ಪರ್ಮಿಟ್ ಬೇಕಾದರೆ ವಿದೇಶೀ ಪ್ರವಾಸಿಯಾಗಿರಬೇಕು, ಇಲ್ಲವೇ ಆರೋಗ್ಯಕ್ಕೆ ಬೇಕೆಂದು ವೈದ್ಯರಿಂದ ಬರೆಸಿಕೊಂಡು ಬರಬೇಕು. ಪರ್ಮಿಟ್ ಉಳ್ಳವರು ಮಾತ್ರ ಪ್ರವೇಶಿಸಬಹುದಾದ ಕೋಣೆಗೆ 'ಪರ್ಮಿಟ್ ರೂಮ್' ಎಂದು ಹೆಸರಾಯಿತು. ಉಳಿದವರಿಗೆ ಊರಿನ ಗಲ್ಲಿಗಳಲ್ಲಿ ಕಳ್ಳಭಟ್ಟಿ ಎದ್ದಿತು. ಸೈಕಲ್ಲಿನ ಟ್ಯೂಬುಗಳಲ್ಲಿ ಸಾರಾಯಿ ಸಾಗಿತು. ಮನೆಯ ಹಿಂದಿನ ಕೋಣೆಯಲ್ಲಿ ಗುಟ್ಟಾಗಿ ಗ್ಲಾಸು ತುಂಬಿ ಕೊಡುತ್ತಿದ್ದ ಹೆಂಗಸರ ಅಡ್ಡೆಗಳಿಗೆ 'ಆಂಟಿ' ಎಂಬ ಹೆಸರು ಬಿದ್ದಿತು. ಒಳ್ಳೆಯ ಉದ್ದೇಶದಿಂದ ಹಾಕಿದ ಬೇಲಿ ಕಳ್ಳರಿಗೆ ಕಾಯಕ ಒದಗಿಸಿತು ಎಂಬುದನ್ನು ಒಪ್ಪಲೇಬೇಕು. ಕೂಲಿಯ ದಿನ ಗಂಡ ಸಂಬಳ ಸಹಿತ ಮನೆಗೆ ಬಂದನೆಂದು ಆ ಬೇಲಿಯನ್ನು ಹರಸಿದ ತಾಯಂದಿರೂ ಇದ್ದರು ಎಂಬುದನ್ನೂ ಒಪ್ಪಲೇಬೇಕು.

ಇಲ್ಲಿ ನಮ್ಮ ಏಕೀಕರಣದ ಕಥೆಯ ಒಂದು ಮರೆತ ಎಳೆಯೂ ಇದೆ. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾದಾಗ, ಮುಂಬಯಿ ರಾಜ್ಯದಿಂದ ಬಂದ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡಗಳು ಮುಂಬಯಿಯ ಪಾನನಿಷೇಧವನ್ನು ಹೊತ್ತುಕೊಂಡೇ ಬಂದುವು. ಮದರಾಸು ಪ್ರಾಂತವೆಲ್ಲ 1948ರಲ್ಲಿ ನಿಷೇಧಕ್ಕೆ ಒಳಗಾಗಿದ್ದುದರಿಂದ ದಕ್ಷಿಣ ಕನ್ನಡವೂ ಒಣ ಜಿಲ್ಲೆಯಾಗಿಯೇ ಬಂದಿತು. ಹೈದರಾಬಾದಿನಿಂದ ಬಂದ ಕಲಬುರ್ಗಿ, ರಾಯಚೂರು, ಬೀದರಗಳಲ್ಲಿ ಶೇಂದಿ ಸಾರಾಯಿಗಳು ಮೊದಲಿನಂತೆಯೇ ಇದ್ದುವು. ಬೆಂಗಳೂರು ತೆರೆದೇ ಇದ್ದಿತು. ತಾಯಿ ಒಬ್ಬಳೇ, ಧ್ವಜ ಒಂದೇ, ಮದ್ಯದ ಕಾಯಿದೆ ಮಾತ್ರ ಜಿಲ್ಲೆಗೊಂದು! ಈ ಭೇದ ಅಳಿಯುವುದಕ್ಕೆ 1960ರ ದಶಕದ ಉತ್ತರಾರ್ಧದ ವರೆಗೆ ಕಾಯಬೇಕಾಯಿತು.

ಹೀಗಾಗಿ ಆ ಕಾಲದಲ್ಲಿ ಉಡುಪಿ, ಕುಂದಾಪುರ, ಕಾರ್ಕಳಗಳಿಂದ ಮುಂಬಯಿಗೆ ಹೊರಟ ಹುಡುಗ ಒಂದು ಒಣ ಊರಿನಿಂದ ಇನ್ನೊಂದು ಒಣ ಊರಿಗೆ ಬರುತ್ತಿದ್ದನು. ಅವನು ಬಂದುದು ಕಾಫಿ ಹೋಟೆಲಿಗೆ. ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಸಸ್ಯಾಹಾರದ ಮನೆಗಳು ನಮ್ಮ ಹೆಸರನ್ನು ಊರಿಗೆಲ್ಲ ಹರಡಿದ್ದುವು. ಮದರಾಸಿನಲ್ಲಿ ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್ 1938ರಿಂದಲೇ ಅದೇ ಕೆಲಸ ಮಾಡುತ್ತಿತ್ತು. ಮುಂಬಯಿಯ ಮಾಣಿಗಳು ಹಗಲು ಕಪ್ಪು ತೊಳೆದು, ಮೇಜು ಒರಸಿ, ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತುದು ಈ ಊರಿನ ಕನ್ನಡ ಚರಿತ್ರೆಯ ಅತ್ಯಂತ ಉಜ್ವಲವಾದ ಪುಟ.

1963ರ ಕೊನೆಗೆ ವಸಂತರಾವ್ ನಾಯ್ಕರು ಮುಖ್ಯಮಂತ್ರಿಗಳಾದರು. ಅವರ ಕಾಲದಲ್ಲಿ ಮಹಾರಾಷ್ಟ್ರದ ನಿಷೇಧ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಕಾಯಿದೆಯನ್ನು ಮಾತ್ರ ತೆಗೆಯಲಿಲ್ಲ, ಪರ್ಮಿಟ್ಟನ್ನು ಸುಲಭಗೊಳಿಸಿದರು. ಆ ಕಾಯಿದೆ 'ಮಹಾರಾಷ್ಟ್ರ ಪ್ರೊಹಿಬಿಷನ್ ಆಕ್ಟ್' ಎಂದು ಹೆಸರು ಬದಲಿಸಿಕೊಂಡು ಉಳಿದಿದೆ. ಒಂದು ದಿನಕ್ಕೆ 5 ರೂಪಾಯಿ, ವರ್ಷಕ್ಕೆ 100 ರೂಪಾಯಿ, ಆಜೀವಕ್ಕೆ 1000 ರೂಪಾಯಿ ಎಂಬ ಪರ್ಮಿಟ್ಟಿನ ದರ ಬಹುಕಾಲದಿಂದ ನಡೆದುಬಂದುದು. ತೆರೆದ ಬಾರಿನ ಹೊರಗೆ ಇಂದಿಗೂ 'ಪರ್ಮಿಟ್ ರೂಮ್' ಎಂಬ ಫಲಕ ತೂಗುವುದರ ಕಾರಣ ಇದೇ. ಮುಚ್ಚಿದ ಬಾಗಿಲಿನ ಹೆಸರು ತೆರೆದ ಬಾಗಿಲಿಗೆ ಅಂಟಿಕೊಂಡಿತು.

ಈ ಬಾಗಿಲು ತೆರೆದಾಗ ಒಳಗೆ ಹೋಗಿ ಗಲ್ಲಾದ ಮೇಲೆ ಕುಳಿತವರಲ್ಲಿ ನಮ್ಮವರು, ಅದರಲ್ಲೂ ತುಳುನಾಡಿನ ಬಂಟರು, ಮುಂಚೂಣಿಯಲ್ಲಿದ್ದರು. ಕಾರಣಗಳು ಹಲವು. ಹೋಟೆಲಿನ ಕೆಲಸದಲ್ಲಿ ಪಳಗಿದ ಕೈಗಳು ಸಿದ್ಧವಾಗಿದ್ದುವು. ಇರಾನಿ ಹೋಟೆಲುಗಳ ಹೊಸ ತಲೆಮಾರಿನವರು ಕಸುಬು ಬಿಡುತ್ತಿದ್ದರು. ಅವರ ಮೂಲೆಯ ಅಂಗಡಿಗಳಲ್ಲಿ ಕೆಲವು ನಮ್ಮವರ ಕೈಗೆ ಬಂದುವು. 1974ರಲ್ಲಿ ಕರ್ನಾಟಕದಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಯಾಗಿ ಉಳುವವನಿಗೆ ಭೂಮಿ ಸೇರಿದಾಗ, ಗೇಣಿಯ ಅಕ್ಕಿಯನ್ನು ನಂಬಿದ್ದ ಮನೆತನಗಳ ಮಕ್ಕಳು ಊರು ಬಿಟ್ಟರು. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದಿಂದ ಗಿರಣಗಾಂವಿನ ಊಟದ ಹೋಟೆಲುಗಳ ಗಿರಾಕಿಯೇ ಚದುರಿಹೋದನು. ಊಟಕ್ಕಿಂತ ಪೆಗ್ಗಿನಲ್ಲಿ ಲಾಭ ಹೆಚ್ಚೆಂಬುದು ಹೋಟೆಲಿನವರಿಗೆ ಗೊತ್ತಿದ್ದ ಸಂಗತಿ. ಸಾಂಬಾರಿನ ಪಾತ್ರೆಯ ಪಕ್ಕದಲ್ಲಿ ಬಾಟಲಿ ಬಂದು ನಿಂತಿತು.

ನಮ್ಮ ಸಂಘದ ಹಿರಿಯರೊಬ್ಬರನ್ನು ಈ ಲೇಖನಕ್ಕಾಗಿ ಮಾತನಾಡಿಸಿದೆವು. 13ನೆಯ ವಯಸ್ಸಿನಲ್ಲಿ ಬಂದವರು. ಕಪ್ಪು ತೊಳೆಯುವುದರಿಂದ ಆರಂಭಿಸಿ, ಸಪ್ಲಾಯರಾಗಿ, ಕೊನೆಗೆ ಗಲ್ಲಾ ಕಂಡವರು. "ತುಳು ಮನೆಯಲ್ಲಿ ಬಂತು, ಕನ್ನಡ ರಾತ್ರಿಶಾಲೆಯಲ್ಲಿ ಬಂತು, ಇಂಗ್ಲಿಷು ಬಾಟಲಿಯ ಚೀಟಿಯಿಂದ ಬಂತು" ಎಂದು ನಕ್ಕರು. 30 ಮಿಲಿ, 60 ಮಿಲಿ ಅಳತೆಯಲ್ಲಿ ಕೈ ಎಂದೂ ತಪ್ಪಲಿಲ್ಲವಂತೆ. ತಾವಾಗಿ ಒಂದು ಹನಿ ನಾಲಗೆಗೆ ಹಚ್ಚಲಿಲ್ಲವಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಆದರೆ ನನ್ನ ತಮ್ಮನನ್ನು ಊರಿನಿಂದ ಕರೆಸಿ ಅದೇ ಕೌಂಟರಿನಲ್ಲಿ ನಿಲ್ಲಿಸಿದವನೂ ನಾನೇ. ಮುಚ್ಚಿದ ಮೇಲೆ ಗ್ಲಾಸಿನಲ್ಲಿ ಉಳಿದದ್ದನ್ನು ಕುಡಿಯಲು ಕಲಿತ. ನಲವತ್ತು ತುಂಬಲಿಲ್ಲ. ಅಮ್ಮನಿಗೆ ಕಾಮಾಲೆ ಎಂದು ಬರೆದೆ." ಅವರ ಮನೆಯಾಕೆ ಒಳಗಿನಿಂದ, "ಅದನ್ನೆಲ್ಲ ಯಾಕೆ ಹೇಳುತ್ತೀರಿ ಇವರಿಗೆ?" ಎಂದರು. "ಹೇಳಲಿ ಮಾರಾಯ್ತಿ, ಬರೆಯುವವರು ಬಂದಿದ್ದಾರೆ" ಎಂದು ಹಿರಿಯರು ಕಣ್ಣು ಒರಸಿಕೊಂಡರು. ಅವರ ಗಲ್ಲಾದ ಹಣದಿಂದ ಊರಿನಲ್ಲಿ ಒಂದು ಶಾಲೆಗೆ ಎರಡು ಕೋಣೆಗಳು ಎದ್ದಿವೆ, ಮಗಳು ವೈದ್ಯಳಾಗಿದ್ದಾಳೆ. ಲೆಕ್ಕದ ಎರಡು ಬದಿಯೂ ಒಂದೇ ಮನೆಯಲ್ಲಿ ಕುಳಿತಿವೆ.

ಇಂಥ ಲೆಕ್ಕ ನಮ್ಮ ಸಮಾಜದ್ದೂ ಹೌದು. 2005ರಲ್ಲಿ ಮಹಾರಾಷ್ಟ್ರ ಸರಕಾರ ಬಾರುಗಳಲ್ಲಿ ನೃತ್ಯವನ್ನು ನಿಷೇಧಿಸಿದಾಗ, ನಮ್ಮವರೇ ಹೆಚ್ಚಾಗಿರುವ ಹೋಟೆಲಿನವರ ಸಂಘ 'ಆಹಾರ್' ನ್ಯಾಯಾಲಯದ ಮೆಟ್ಟಿಲು ಹತ್ತಿತು. 2006ರಲ್ಲಿ ಹೈಕೋರ್ಟೂ 2013ರಲ್ಲಿ ಸುಪ್ರೀಂ ಕೋರ್ಟೂ ನಿಷೇಧ ನಿಲ್ಲದೆಂದು ತೀರ್ಪಿತ್ತುವು. ಆ ನಡುವೆ ಕೆಲಸ ಕಳೆದುಕೊಂಡ ನರ್ತಕಿಯರ ಬದುಕು ಏನಾಯಿತೆಂದು ನಮ್ಮ ಸಭೆಗಳಲ್ಲಿ ಎಷ್ಟು ಮಂದಿ ಕೇಳಿದೆವು? 2015ರ ಜೂನಿನಲ್ಲಿ ಮಾಲವಣಿಯಲ್ಲಿ ವಿಷದ ಸಾರಾಯಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು. 1981ರಲ್ಲಿ ಬೆಂಗಳೂರಿನಲ್ಲಿ ಇಂಥದೇ ದುರಂತ ಮುನ್ನೂರಕ್ಕೂ ಹೆಚ್ಚು ಜನರನ್ನು ನುಂಗಿತ್ತು. ಕರ್ನಾಟಕ ಸರಕಾರ 2007ರ ಜುಲೈ 1ರಿಂದ ಸಾರಾಯಿ ಮಾರಾಟವನ್ನು ನಿಲ್ಲಿಸಿತು. ಬಾಟಲಿಯ ಮದ್ಯ ಮುಂದುವರಿಯಿತು. ದೊಡ್ಡ ಹೋಟೆಲಿನ ಪಾನಪಟ್ಟಿಗೂ ಗಲ್ಲಿಯ ಪಾಕೀಟಿಗೂ ನಡುವೆ ಇರುವ ಅಂತರ ಹಣದ್ದು. ಮತ್ತು ಕಾಯಿದೆ ಎಂದಿಗೂ ಬಿಗಿಯಾಗುವುದು ಮೊದಲು ಕೆಳಗಿನವರ ಮೇಲೆಯೇ.

ಹಾಗಾದರೆ ನಾವು ಮಾಡಬೇಕಾದುದೇನು? ಗಲ್ಲಾದ ಮೇಲೆ ಕುಳಿತವರನ್ನು ನಾಚಿಸುವುದೂ ಬೇಡ, ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ಆ ತಲೆಮಾರಿನವರು ಒಬ್ಬೊಬ್ಬರಾಗಿ ತೆರಳುತ್ತಿದ್ದಾರೆ. ಪರ್ಮಿಟ್ಟಿನ ಪುಸ್ತಕವನ್ನು ತುಂಬಿದವರು, ರಾತ್ರಿ ಶಟರ್ ಎಳೆದು ಮೆಟ್ಟಿಲ ಮೇಲೆ ಮಲಗಿದವರು, ಊರಿಗೆ ಮನಿಆರ್ಡರ್ ಮಾಡುತ್ತಿದ್ದವರು, ಮನೆಯಲ್ಲಿ ಗಂಡನ ದಾರಿ ಕಾಯುತ್ತಿದ್ದವರು, ಇವರೆಲ್ಲರ ಮಾತನ್ನು ಬರೆದಿಡುವ ಕೆಲಸವನ್ನು ನಮ್ಮ ಸಂಘಗಳು ಈ ವರ್ಷವೇ ಕೈಗೊಳ್ಳಲಿ. ತರುಣರು ತಮ್ಮ ಅಜ್ಜ ಅಜ್ಜಿಯರ ಬಳಿ ಕುಳಿತು ಕೇಳಲಿ. ಗಳಿಸಿದುದನ್ನೂ ಕಳೆದುದನ್ನೂ ಒಂದೇ ಪುಸ್ತಕದಲ್ಲಿ ಬರೆಯಲಿ.

ಎಂಟು ಶತಮಾನಗಳಿಗೂ ಹಿಂದೆ ಕಲ್ಯಾಣದ ಜನ ಒಬ್ಬ ಶರಣನನ್ನು ತಮ್ಮ ಗೋಷ್ಠಿಗೆ ಕರೆದುಕೊಂಡಾಗ ಅವನ ಕಸುಬನ್ನು ಹೆಸರಿನಿಂದ ಅಳಿಸಲಿಲ್ಲ. ಅವನು ಮಾರಯ್ಯ ಮಾತ್ರ ಆಗಲಿಲ್ಲ, ಹೆಂಡದ ಮಾರಯ್ಯನಾಗಿಯೇ ಉಳಿದನು. ಹಾಗೆಯೇ ನಮ್ಮ ವರೆಗೂ ಬಂದನು. ಅಷ್ಟು ದೊಡ್ಡ ಮನಸ್ಸು ನಮಗೂ ಬಂದರೆ ಮುಂದಿನ ರಾಜ್ಯೋತ್ಸವದ ಸಂಚಿಕೆಯಲ್ಲಿ ಕೊನೆಯ ಹಾಳೆಯ ಹೆಸರುಗಳು ಮೊದಲ ಹಾಳೆಗಳಿಗೂ ಬಂದಾವು.